ಮಗಳ ಸಾಫ್ಟ್‌ಬಾಲ್ ಪಿಚಿಂಗ್: ಪಿಇ ಸರ್ ಮಾತು ಕೇಳಲಾ, ವಿಡಿಯೋ ನೋಡಿ ಕಲಿಸಲಾ?

ಸಿಂಧನೂರಿನ ನಿಮ್ಮ 11 ವರ್ಷದ ಮಗಳು ಪಿಚಿಂಗ್, ಅಂದರೆ ಬ್ಯಾಟ್ ಹಿಡಿದವರಿಗೆ ಬಾಲು ಎಸೆಯೋದು, ಕಲೀತಿದ್ದಾಳೆ. ಎಸೆತವನ್ನು ಮೊಣಕೈ ಮೇಲೆತ್ತಿ ಮುಗಿಸು ಅಂತ ಪಿಇ (ದೈಹಿಕ ಶಿಕ್ಷಣ) ಸರ್ ಅಂತಾರೆ, ವಿಡಿಯೋದವರು ಬೇಡ ಅಂತಾರೆ, ಅಲ್ವಾ? ಆರು ವರ್ಷದ ಹಿಂದೆ ನಾನೂ ಇದೇ ಗೊಂದಲದಲ್ಲಿದ್ದೆ.

ನಮ್ಮ ಮನೆ ಬಳ್ಳಾರಿಯ ಕೌಲ್ ಬಜಾರ್ ಕಡೆ. ಸಂಜೆ ಆರಾದರೂ ಮಾಳಿಗೆ ಕಾಲು ಸುಡುತ್ತಿತ್ತು. ಅಲ್ಲೇ ಗೋಡೆಗೆ ಹಳೇ ಹಾಸಿಗೆ ಒರಗಿಸಿ ಮಗಳು ಎಸೆಯುತ್ತಿದ್ದಳು. ಒಂದು ದಿನ ಮೈದಾನದಿಂದ ಬಂದವಳ ಟೀ ಶರ್ಟ್ ನೋಡಿದೆ. ಬಲಗಡೆ ಸೊಂಟದ ಮೇಲೆ ಕೆಂಪು ಮಣ್ಣಿನ ಗೀರು. ಎಸೆಯುವಾಗ ಪ್ರತಿ ಸಲ ಮುಂಗೈ ಅಲ್ಲಿ ಉಜ್ಜಿಕೊಂಡು ಹೋಗುತ್ತಿತ್ತು. "ಕೈ ಮೈಗೆ ತಾಗ್ತಿದೆ, ದೂರ ಇಡು. ಮೊಣಕೈ ಎತ್ತು" ಅಂದೆ.

ಆ ಮಾತು ಆಡಬಾರದಿತ್ತು. ಅದು ಸರಿಯಾಗಿ ಎಸೆಯುವವರ ಗೀರು. ತೋಳನ್ನು ಪೂರ್ತಿ ಒಂದು ಸುತ್ತು ತಿರುಗಿಸಿ ಕೆಳಗಿನಿಂದ ಬಾಲು ಬಿಡುವ ವಿಂಡ್‌ಮಿಲ್ ಎಸೆತದಲ್ಲಿ ಕೈ ಮೇಲಿಂದ ಇಳಿಯುವಾಗ ಕಿರುಬೆರಳಿನ ಕಡೆ ಮುಂದಿರುತ್ತದೆ. ಪಕ್ಕೆಗೆ ತಾಗಿದಾಗ ತೋಳು ಒಂದು ಕ್ಷಣ ತಡೆಯುತ್ತದೆ, ಆ ವೇಗವೆಲ್ಲ ಮುಂಗೈಗೆ ಹೋಗುತ್ತದೆ. ಮುಂಗೈ ಚಾಟಿ ಬೀಸಿದ ಹಾಗೆ ಒಳಗಡೆ ತಿರುಗುತ್ತದೆ, ಮಣಿಕಟ್ಟು ತಾನಾಗಿ ಹಿಂಬಾಲಿಸುತ್ತದೆ. ನಾನು ಕೈ ದೂರ ಇಡಿಸಿದ ಮೇಲೆ ಆ ತಡೆಯೇ ಹೋಯಿತು. ಅಂಗೈ ಬಾಲಿನ ಹಿಂದೆ ಬಂತು. ಅವಳು ಬಾಲು ತಳ್ಳತೊಡಗಿದಳು. ಇನ್ನು ಮೊಣಕೈ ಮೇಲೇಳುವುದು ಬಾಲು ಬೆರಳು ಬಿಟ್ಟ ಮೇಲೆ. ಹೋದ ಬಾಲನ್ನು ಅದು ಏನೂ ಮಾಡಲಾರದು. ಆದರೆ ಎತ್ತಬೇಕು ಅನ್ನೋದು ತಲೆಯಲ್ಲಿ ಕೂತರೆ ಮಗು ಬಿಡುವ ಮೊದಲೇ ಎತ್ತುತ್ತದೆ. ಮೂರು ತಿಂಗಳು ದಿನಾ ನೂರು ಸಲ ಅದನ್ನೇ ಮಾಡಿಸಿದೆ.

ವೇಗ ಇಳಿಯಿತು. ಬಾಲು ಹಾಸಿಗೆ ದಾಟಿ ಪಕ್ಕದ ಮನೆ ಅಂಗಳಕ್ಕೆ ಬೀಳುತ್ತಿತ್ತು. ಭುಜದ ಮುಂದೆ ನೋವು ಶುರುವಾಯಿತು. "ಪಪ್ಪಾ, ಬಾಲು ಯಾವಾಗ ಬಿಡಬೇಕು ಅಂತಾನೇ ಗೊತ್ತಾಗ್ತಿಲ್ಲ" ಅಂದಳು. ಮೊದಲು ಗೊತ್ತಿತ್ತು ಅವಳಿಗೆ. ಈಗ ಫಸ್ಟ್ ಬೇಸ್ ಹತ್ತಿರ ನಿಂತು ಫೀಲ್ಡಿಂಗ್ ಮಾಡುತ್ತಾಳೆ. ಪಿಚಿಂಗ್‌ಗೆ ಮತ್ತೆ ಹೋಗಲೇ ಇಲ್ಲ.

ಅದಕ್ಕೇ ಸರ್ ಸರೀನಾ ವಿಡಿಯೋ ಸರೀನಾ ಅಂತ ಕೇಳಬೇಡಿ. ಅವಳ ಕೈ ಈಗ ಏನು ಮಾಡುತ್ತಿದೆ ನೋಡಿ. ಪಕ್ಕದಿಂದ ಸ್ಲೋ ಮೋಷನ್‌ನಲ್ಲಿ ಹಿಡಿದು ಸರ್‌ಗೂ ತೋರಿಸಿ, ಜೊತೆಯಲ್ಲಿ ಕೂತು ನೋಡಿ. ಕೆರೆ ದಡದಲ್ಲಿ ಚಪ್ಪಟೆ ಕಲ್ಲನ್ನು ನೀರಿನ ಮೇಲೆ ಜಿಗಿಸಲು ಹೇಳಿ, ಮುಂಗೈ ತಿರುಗುವುದು ಅಲ್ಲೇ ಕಾಣುತ್ತದೆ. ದೊಡ್ಡವರ 43 ಅಡಿ ದೂರದಿಂದ ಎಸೆಸಬೇಡಿ. ಅಮೆರಿಕದಲ್ಲಿ 12 ವರ್ಷದೊಳಗಿನವರಿಗೆ 40 ಅಡಿ, 10ರೊಳಗಿನವರಿಗೆ 35 ಅಡಿ ಮತ್ತು 11 ಇಂಚು ಸುತ್ತಳತೆಯ ಸಣ್ಣ ಬಾಲು. ಕೆಳಗಿನಿಂದ ಎಸೆದರೆ ಭುಜಕ್ಕೆ ಏನೂ ಆಗಲ್ಲ ಅನ್ನೋರು 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಜಪಾನಿನ ಪಿಚರ್ ಯುಕಿಕೊ ಉಎನೊ ಎರಡು ದಿನದಲ್ಲಿ 413 ಬಾಲು ಎಸೆದಿದ್ದನ್ನು ಹೇಳುತ್ತಾರೆ. ಅವರು ಬೆಳೆದ ಹೆಂಗಸು. ನಿಮ್ಮ ಮಗಳು ನೋವು ಅಂದ ದಿನ ಬಾಲು ಮುಟ್ಟಿಸಬೇಡಿ.

ಇವತ್ತು ಅವಳು ಆಡಿ ಬಂದ ಮೇಲೆ ಅಂಗಿಯ ಪಕ್ಕೆ ನೋಡಿ. ಮಣ್ಣಿನ ಗೀರು ಇದ್ದರೆ ಸುಮ್ನೆ ಒಗೆಯಲು ಹಾಕಿ, ಅವಳಿಗೆ ಏನೂ ಹೇಳಬೇಡಿ.