ಅಜ್ಜನ ಪೆಟ್ಟಿಗೆಯಲ್ಲಿ ಹಿಂದೂಸ್ತಾನಿ ಸಂಗೀತದ ಹಳೇ 78 ಆರ್‌ಪಿಎಂ (ನಿಮಿಷಕ್ಕೆ 78 ಸುತ್ತು ತಿರುಗುವ) ಗ್ರಾಮಫೋನ್ ತಟ್ಟೆಗಳು ಸಿಕ್ಕಿವೆ. ಇಟ್ಟುಕೊಳ್ಳಬೇಕೆ? ಹೇಗೆ ಕೇಳೋದು?

ಖಂಡಿತ ಇಟ್ಟುಕೊಳ್ಳಿ. ಮೊದಲು ಒಂದು ಎಚ್ಚರಿಕೆ: ಇವು ಅರಗಿನ ತಟ್ಟೆಗಳು, ಸ್ಪಿರಿಟ್ ಹಚ್ಚಿದರೆ ಮೇಲ್ಮೈ ಕರಗುತ್ತದೆ. ಮೆತ್ತನೆಯ ಬ್ರಷ್ಷಿನಿಂದ ಧೂಳು ತೆಗೆದರೆ ಸಾಕು. ಒಂದರ ಮೇಲೊಂದು ಪೇರಿಸಬೇಡಿ, ಪುಸ್ತಕದ ಹಾಗೆ ನೆಟ್ಟಗೆ ನಿಲ್ಲಿಸಿ. ಕೈಜಾರಿದರೆ ಹಂಚಿನಂತೆ ಒಡೆದುಹೋಗುತ್ತವೆ. ಎಲ್‌ಪಿಯ, ಅಂದರೆ ಆಮೇಲೆ ಬಂದ ವಿನೈಲ್ ತಟ್ಟೆಯ, ಮುಳ್ಳಿನಲ್ಲಿ ನುಡಿಸಬೇಡಿ. 78ರಲ್ಲಿ ದನಿ ಕೊರೆದಿರುವ ಗೀರು ಅಗಲ, ಅದಕ್ಕೆ ಬೇರೆಯೇ ದಪ್ಪ ಮುಳ್ಳು ಬೇಕು.

ಇನ್ನು ಕೇಳುವ ಸುಖ. ಹತ್ತಿಂಚಿನ ತಟ್ಟೆಯ ಒಂದು ಬದಿಗೆ ಸುಮಾರು ಮೂರು ನಿಮಿಷ ಅಷ್ಟೇ. ಕಛೇರಿಯಲ್ಲಿ ಗಂಟೆಗಟ್ಟಲೆ ಬೆಳೆಯುವ ರಾಗವನ್ನು ಅಷ್ಟರೊಳಗೆ ಹಿಡಿದಿಡಬೇಕಿತ್ತು. ಹಾಗಾಗಿ ಮೊದಲ ಸ್ವರಕ್ಕೇ ರಾಗ ಎದುರು ಬಂದು ನಿಲ್ಲುತ್ತದೆ. 1902ರಲ್ಲಿ ಕಲ್ಕತ್ತೆಯಲ್ಲಿ ತಟ್ಟೆಗಾಗಿ ಹಾಡಿದ ಗಾಯಕಿ ಗೌಹರ್ ಜಾನ್, ಹಾಡು ಮುಗಿದ ಕೂಡಲೇ 'ಮೈ ನೇಮ್ ಈಸ್ ಗೌಹರ್ ಜಾನ್' ಎಂದು ಕೂಗಿ ಹೇಳುತ್ತಾರೆ. ಆ ಕ್ಷಣ ಅವರು ಪಕ್ಕದ ಕೋಣೆಯಲ್ಲೇ ಇದ್ದಾರೆ ಅನ್ನಿಸುತ್ತದೆ.

ಲೇಬಲ್ ಮೇಲೆ 'ಗಾಂಧಾರಿ' ಎಂಬ ಹೆಸರಿದೆಯೇ ನೋಡಿ. ಅದು ನಮ್ಮ ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ಲರ ಆರಂಭದ ದಿನಗಳ ಹೆಸರು. ಆಗಿನ್ನೂ ಅವರದು ತೆಳುವಾದ, ಏರುದನಿಯ ಕಂಠ. ಮುಂದೆ ಗಂಟಲಿನ ತೊಂದರೆಯಾದ ಮೇಲೆ ದನಿ ಆಳಕ್ಕಿಳಿಯಿತು. ನಾವೆಲ್ಲ ಬಲ್ಲ ಆ ಗಂಭೀರ ದನಿ ಅದೇ. ಎರಡನ್ನೂ ಒಂದರ ಹಿಂದೊಂದು ಕೇಳಿ, ನನಗಂತೂ ಮೈ ಜುಂ ಎಂದಿತ್ತು.

ಒಮ್ಮೆ ಡಿಜಿಟಲ್ ಪ್ರತಿ ಮಾಡಿಸಿಕೊಂಡುಬಿಡಿ. ಪ್ರತಿ ಸಲ ನುಡಿಸಿದಾಗಲೂ ತಟ್ಟೆ ಒಂದಿಷ್ಟು ಸವೆಯುತ್ತದೆ.