ಕಲರ್‌ಮೀಟರ್‌ನಲ್ಲಿ ಒಂದೇ ಮುತ್ತಿಗೆ ಪ್ರತಿ ಸಲ ಬೇರೆ ನಂಬರ್ ಯಾಕೆ ಬರತ್ತೆ?

ನೀವು ಕೇಳಿರೋದು ಇಷ್ಟು: ಕಲ್ಚರ್ಡ್ (ಸಾಕಿ ಬೆಳೆಸಿದ) ಮುತ್ತುಗಳನ್ನ ಬಣ್ಣ ನೋಡಿ ವಿಂಗಡಿಸೋಕೆ, ಬಣ್ಣವನ್ನ ನಂಬರಲ್ಲಿ ಹೇಳೋ, ಕೈಯಲ್ಲಿ ಹಿಡಿಯೋ ಕಲರ್‌ಮೀಟರ್ ತಗೊಂಡಿದೀನಿ, ಒಂದೇ ಮುತ್ತನ್ನ ಮೂರು ಸಲ ಇಟ್ರೆ ಮೂರು ರೀಡಿಂಗ್ ಬರತ್ತೆ, ಮೀಟರ್ ಕೆಟ್ಟಿದ್ಯಾ ಅಂತ. ಕೆಟ್ಟಿಲ್ಲ. ನಾನು ಮುತ್ತು ವಿಂಗಡಿಸೋ ಕೆಲಸದಲ್ಲಿದೀನಿ, ಶುರುವಿನಲ್ಲಿ ನನಗೂ ಇದೇ ಆಗಿತ್ತು, ಅದಕ್ಕೆ ಸ್ವಲ್ಪ ಉದ್ದ ಆದ್ರೂ ಬಿಡಿಸಿ ಹೇಳ್ತೀನಿ.

ಮೊದಲನೇದು, ಆ ತರದ ಮೀಟರ್ ಮಾಡಿರೋದು ಪೇಂಟು, ಬಟ್ಟೆ, ಪೇಪರ್ ಅಂಥ ಚಪ್ಪಟೆ ವಸ್ತುಗಳಿಗೆ. ಮುತ್ತು ಗುಂಡಗಿರತ್ತೆ. 8 ಮಿಮೀ ಮುತ್ತನ್ನ ಮೀಟರ್ ಬೆಳಕು ಬಿಟ್ಟು ಓದೋ 4 ಮಿಮೀ ಕಿಂಡಿ ಮೇಲೆ ಇಟ್ರೆ ಅದರ ಹೊಟ್ಟೆ ಸುಮಾರು ಅರ್ಧ ಮಿಮೀ ಒಳಗಿಳಿಯತ್ತೆ, 6 ಮಿಮೀ ಮುತ್ತಾದ್ರೆ ಮುಕ್ಕಾಲು ಮಿಮೀ. ಅಂದ್ರೆ ಬಣ್ಣ ಒಂದೇ ಇದ್ರೂ ಸೈಜ್ ಬದಲಾದ್ರೆ ರೀಡಿಂಗ್ ಬದಲಾಗತ್ತೆ, ಅಂಚಿಂದ ಹೊರಗಿನ ಬೆಳಕು ನುಗ್ಗಿದ್ರಂತೂ ಕೇಳೋದೇ ಬೇಡ. ಕಪ್ಪು ಫೋಮ್‌ಗೆ ಮುತ್ತು ಕೂರೋ ಅಷ್ಟು ಗುಳಿ ಮಾಡಿ ಅದರಲ್ಲಿಟ್ಟು, ಇರೋದ್ರಲ್ಲಿ ಚಿಕ್ಕ ಕಿಂಡಿ ಹಾಕಿ ಅಳೀರಿ. ಒಂದೇ ಸೈಜಿನ ಮುತ್ತುಗಳನ್ನ ಮಾತ್ರ ಒಂದಕ್ಕೊಂದು ಹೋಲಿಸಿ. ಅರ್ಧ ತಲೆನೋವು ಇಲ್ಲೇ ಹೋಗತ್ತೆ.

ಉಳಿದರ್ಧ ಮುತ್ತಿನ ಸ್ವಭಾವದ್ದು, ನನಗೆ ತುಂಬಾ ಇಷ್ಟವಾದ ವಿಷಯನೂ ಅದೇ. ನಾವು ಬಣ್ಣ ಅನ್ನೋದು ಮುತ್ತಿನಲ್ಲಿ ಒಂದೇ ಕಡೆಯಿಂದ ಬರಲ್ಲ. ಒಳಗಿನ ಪಿಗ್ಮೆಂಟಿಂದ ಬರೋದು ಬಾಡಿ ಕಲರ್, ಬಿಳಿ, ಕ್ರೀಮ್, ಹೊಂಬಣ್ಣ, ಬೂದಿ ಹೀಗೆ. ಅದರ ಮೇಲೆ ತೇಲೋ ಗುಲಾಬಿ ಅಥವಾ ಹಸಿರು ಛಾಯೆ ಇದ್ಯಲ್ಲ, ಓವರ್‌ಟೋನ್ ಅಂತೀವಿ, ಅದು ಪಿಗ್ಮೆಂಟೇ ಅಲ್ಲ. ಮುತ್ತಿನ ಪದರ ಅಂದ್ರೆ ಅರಾಗೊನೈಟ್ ಅನ್ನೋ ಕ್ಯಾಲ್ಸಿಯಂ ಕಾರ್ಬೊನೇಟಿನ ತೆಳು ಬಿಲ್ಲೆಗಳು ಒಂದರ ಮೇಲೊಂದು ಇಟ್ಟಿಗೆ ಜೋಡಿಸಿದ ಹಾಗೆ ಕೂತಿರೋದು, ಒಂದೊಂದರ ದಪ್ಪ ಸುಮಾರು 300ರಿಂದ 500 ನ್ಯಾನೋಮೀಟರ್, ನಮ್ಮ ಕಣ್ಣಿಗೆ ಕಾಣೋ ಬೆಳಕಿನ ತರಂಗದೂರ 400ರಿಂದ 700, ಎರಡೂ ಹೆಚ್ಚುಕಮ್ಮಿ ಒಂದೇ ಅಳತೆ ಆಗಿರೋದ್ರಿಂದ ಪದರ ಪದರದಿಂದ ವಾಪಸ್ ಬರೋ ಬೆಳಕು ಒಂದಕ್ಕೊಂದು ಸೇರಿ ಕೆಲವು ಬಣ್ಣ ಎದ್ದು ಕಾಣತ್ತೆ, ಕೆಲವು ಅಳಿಸಿಹೋಗತ್ತೆ. ಸೋಪಿನ ಗುಳ್ಳೆ ಮೇಲೆ ಬಣ್ಣ ಓಡಾಡತ್ತಲ್ಲ, ಅದೇ ಲೆಕ್ಕ. ಕೋನ ಬದಲಾದ್ರೆ ಬಣ್ಣ ಬದಲು. ಹಾಗಾಗಿ ಮುತ್ತು ಸ್ವಲ್ಪ ಹೊರಳಿದ್ರೂ ನಿಮ್ಮ ನಂಬರ್ ಅಲ್ಲಾಡಲೇಬೇಕು, ಅದು ತಪ್ಪಲ್ಲ, ಅದೇ ಮುತ್ತಿನ ಗುಣ.

ನಾನೇನು ಮಾಡ್ತೀನಿ ಅಂದ್ರೆ ಒಂದು ಮುತ್ತನ್ನ ಹೊರಳಿಸಿ ಹೊರಳಿಸಿ ಹತ್ತು ರೀಡಿಂಗ್ ತಗೋತೀನಿ, ಎಲ್, ಎ, ಬಿ ಮೂರಕ್ಕೂ ಸರಾಸರಿ ಬರ್ಕೋತೀನಿ, ಜೊತೆಗೆ ಅತಿ ಹೆಚ್ಚು ಅತಿ ಕಮ್ಮಿ ನಡುವಿನ ಅಂತರನೂ. ಎಲ್ ಅಂದ್ರೆ ಎಷ್ಟು ತಿಳಿ ಎಷ್ಟು ಗಾಢ, ಎ ಕೆಂಪು-ಹಸಿರು, ಬಿ ಹಳದಿ-ನೀಲಿ. ಸರಾಸರಿ ಬಾಡಿ ಕಲರ್ ಹೇಳತ್ತೆ. ಆ ಅಂತರನ ಜನ ಕಸ ಅಂತ ಬಿಸಾಕ್ತಾರೆ, ದಯವಿಟ್ಟು ಬಿಸಾಕ್ಬೇಡಿ, ಓವರ್‌ಟೋನ್ ಎಷ್ಟು ಆಡತ್ತೆ, ಬಣ್ಣ ಸುತ್ತಲೂ ಒಂದೇ ಸಮ ಇದ್ಯಾ ಅನ್ನೋ ಸುಳಿವು ಅದರಲ್ಲೇ ಇರೋದು. ಒಂದು ಸರಕ್ಕೆ ಮುತ್ತು ಹೊಂದಿಸುವಾಗ ಸರಾಸರಿ ಒಂದೇ ಇದ್ದು ಅಂತರ ಬೇರೆ ಇರೋ ಎರಡು ಮುತ್ತನ್ನ ಪಕ್ಕಪಕ್ಕ ಪೋಣಿಸಿದ್ರೆ ಕಣ್ಣಿಗೆ ತಕ್ಷಣ ಹೊಡೆಯತ್ತೆ.

ಹೊಳಪಿಗೆ ಕಲರ್‌ಮೀಟರ್ ನೆಚ್ಚಬೇಡಿ. ಒಂದು ಸಣ್ಣ ಎಲ್‌ಇಡಿ ಪಟ್ಟಿ ಮೇಲೆ ಹಿಡಿದು ಮುತ್ತಿನಲ್ಲಿ ಅದರ ಪ್ರತಿಬಿಂಬ ನೋಡಿ, ಒಳ್ಳೇ ಮುತ್ತಲ್ಲಿ ಪಟ್ಟಿಯ ಅಂಚು ಚಾಕುವಲ್ಲಿ ಕೊಯ್ದ ಹಾಗಿರತ್ತೆ, ಸಾಧಾರಣ ಮುತ್ತಲ್ಲಿ ಮಂಜು ಮುಸುಕಿದ ಹಾಗೆ ಕಲಸಿಕೊಳ್ಳತ್ತೆ. ಇದನ್ನೇ ಕ್ಯಾಮೆರಾದಲ್ಲೂ ಅಳೀಬೋದು: ದೀಪದ ಮುಂದೊಂದು, ಲೆನ್ಸ್ ಮುಂದೊಂದು ಪೋಲರೈಸರ್ (ಒಂದೇ ದಿಕ್ಕಲ್ಲಿ ಕಂಪಿಸೋ ಬೆಳಕನ್ನ ಮಾತ್ರ ಬಿಡೋ ಫಿಲ್ಟರ್) ಇಡಿ, ಎರಡನ್ನೂ ಒಂದೇ ದಿಕ್ಕಿಗೆ ಇಟ್ಟು ಒಂದು ಫೋಟೋ, ಒಂದನ್ನ ಅಡ್ಡಕ್ಕೆ ತಿರುಗಿಸಿ ಇನ್ನೊಂದು. ಅಡ್ಡ ಇಟ್ಟಾಗ ಕನ್ನಡಿ ತರದ ಮಿಂಚು ಬಹುಪಾಲು ಮಾಯ ಆಗಿ ಒಳಗಿನ ಮೈಬಣ್ಣ ಉಳಿಯತ್ತೆ, ಎರಡು ಫೋಟೋ ಕಳೆದ್ರೆ ಸಿಗೋದು ಹೊಳಪು. ಮೊದಲ ಸಲ ಮಾಡಿದಾಗ ಮಿಂಚ್ತಿದ್ದ ಮುತ್ತು ಲೆನ್ಸ್ ಮುಂದಿನ ಪೋಲರೈಸರ್ ತಿರುಗಿಸ್ತಾ ಇದ್ದ ಹಾಗೆ ಸೀಮೆಸುಣ್ಣದ ಉಂಡೆ ತರ ಕಂಡಿದ್ದು ಇನ್ನೂ ಕಣ್ಣಲ್ಲಿದೆ.

ಇನ್ನು ಬಣ್ಣ ಮುತ್ತಿನದ್ದೇನಾ, ಹಾಕಿದ್ದಾ ಅನ್ನೋದು. ಒಂದ್ಸಲ ಎರಡು ಹೊಂಬಣ್ಣದ ಸೌತ್ ಸೀ ಮುತ್ತು ನನ್ನ ಟೇಬಲ್ ಮೇಲಿತ್ತು, ಕಣ್ಣಿಗೂ ಒಂದೇ, ಎಲ್-ಎ-ಬಿ ನಂಬರೂ ಹತ್ತಿರ ಹತ್ತಿರ. ಯಾವ ತರಂಗದೂರದ ಬೆಳಕು ಎಷ್ಟು ವಾಪಸ್ ಬರತ್ತೆ ಅಂತ ಅಲ್ಟ್ರಾವಯಲೆಟ್‌ವರೆಗೆ ಓದೋ ಸ್ಪೆಕ್ಟ್ರೋಮೀಟರ್‌ಗೆ ಹಾಕಿದ್ರೆ ಒಂದರ ಗ್ರಾಫಲ್ಲಿ 330ರಿಂದ 385 ನ್ಯಾನೋಮೀಟರ್ ನಡುವೆ ಸ್ಪಷ್ಟವಾಗಿ ಒಂದು ತಗ್ಗು, ಇನ್ನೊಂದರಲ್ಲಿ ಆ ತಗ್ಗೇ ಇಲ್ಲ. ಸೌತ್ ಸೀ ಮುತ್ತು ಕೊಡೋ ಪಿಂಕ್ಟಾಡಾ ಮ್ಯಾಕ್ಸಿಮಾ ಅನ್ನೋ ಚಿಪ್ಪಿನ ಸಹಜ ಹೊಂಬಣ್ಣಕ್ಕೆ ಆ ತಗ್ಗೇ ಗುರುತು, ಅದಿಲ್ಲದ ಮುತ್ತಿನ ತೂತನ್ನ ಲೂಪಲ್ಲಿ (ಸಣ್ಣ ಭೂತಗನ್ನಡಿಯಲ್ಲಿ) ನೋಡಿದ್ರೆ ಅಂಚಲ್ಲಿ ಡೈ ಗಟ್ಟಿಯಾಗಿ ಕೂತಿತ್ತು. ಅದೇ ರೀತಿ ಟಹೀಟಿಯ ಕಪ್ಪು ಮುತ್ತು, ಅಂದ್ರೆ ಪಿಂಕ್ಟಾಡಾ ಮಾರ್ಗರಿಟಿಫೆರಾ ಚಿಪ್ಪಿನ ಮುತ್ತಲ್ಲಿ ಸುಮಾರು 700 ನ್ಯಾನೋಮೀಟರ್ ಹತ್ತಿರ ತಗ್ಗು ಬರತ್ತೆ, ಡೈ ಹಾಕಿ ಕಪ್ಪು ಮಾಡಿದ ಅಕೋಯಾ (ಇನ್ನೊಂದು ಜಾತಿ ಚಿಪ್ಪಿನ) ಮುತ್ತಲ್ಲಿ ಬರಲ್ಲ. ಸಾಮಾನ್ಯ ಕಲರ್‌ಮೀಟರ್ ಓದೋದು 400ರಿಂದ 700, ಒಂದು ಗುರುತು ಆಚೆ, ಇನ್ನೊಂದು ಸರಿಯಾಗಿ ಅಂಚಲ್ಲಿ. ಎಷ್ಟೇ ಒಳ್ಳೇ ಮೀಟರ್ ಆದ್ರೂ ಈ ಪ್ರಶ್ನೆಗೆ ಅದರ ಹತ್ರ ಉತ್ತರ ಇರಲ್ಲ, ಅದಕ್ಕೇ ಬರೀ ಎಲ್-ಎ-ಬಿ ನೋಡಿ ಸಹಜ ಬಣ್ಣ ಅಂತ ಯಾರಿಗೂ ಬರ್ಕೊಡ್ಬೇಡಿ.

ಪದರದ ದಪ್ಪಾನೂ ಅಷ್ಟೇ, ಬಣ್ಣದ ನಂಬರ್‌ನಲ್ಲಿ ಸಿಗಲ್ಲ. ಚೂಪು ಬೆಳಕಿನ ಮುಂದೆ ಮುತ್ತು ಉರುಳಿಸಿದಾಗ ಕಣ್ಣು ಮಿಟುಕಿಸಿದ ಹಾಗೆ ಹೊಳೆದು ಮಂಕಾದ್ರೆ ಪದರ ತೆಳು, ಮುತ್ತು ಬೆಳೆಸೋಕೆ ಒಳಗಿಟ್ಟಿರೋ ಚಿಪ್ಪಿನ ಮಣಿಯ ಪಟ್ಟೆ ಕಾಣ್ತಿದೆ ಅಂತ. ನಿಖರವಾಗಿ ಬೇಕಂದ್ರೆ ಎಕ್ಸ್-ರೇ ಅಥವಾ ಓಸಿಟಿ (ಬೆಳಕಿಂದ ಒಳಪದರ ಸ್ಕ್ಯಾನ್ ಮಾಡೋ ಯಂತ್ರ) ಇರೋ ಲ್ಯಾಬಿಗೆ ಕೊಡಿ, ಮುತ್ತು ಒಡೀದೆ ಅಳೀತಾರೆ.

ಇವತ್ತೇ ಶುರು ಮಾಡೋದಾದ್ರೆ ಮೀಟರ್ ಐದತ್ತು ನಿಮಿಷ ಆನ್ ಮಾಡಿಟ್ಟು ಬಿಳಿ ಟೈಲ್ ಮೇಲೆ ಕ್ಯಾಲಿಬ್ರೇಟ್ ಮಾಡಿ, ಮುತ್ತನ್ನ ಮೆತ್ತಗಿನ ಬಟ್ಟೆಯಲ್ಲಿ ಒರೆಸಿ, ಯಾಕಂದ್ರೆ ಬೆರಳಿನ ಜಿಡ್ಡೂ ಹೊಳಪನ್ನ ಬದಲಾಯಿಸತ್ತೆ, ಆಮೇಲೆ ಒಂದೇ ಒಂದು ಮುತ್ತು ತಗೊಂಡು ಹತ್ತು ರೀಡಿಂಗ್ ಮಾಡಿ ಇಲ್ಲೇ ಹಾಕಿ, ಎಷ್ಟು ಮೀಟರಿನ ಅಲುಗಾಟ, ಎಷ್ಟು ಮುತ್ತಿನದ್ದು ಅಂತ ಕೂತು ನೋಡೋಣ.