ಮಂಚದ ಕೆಳಗಿನ ಬ್ಯಾಗ್

ಪ್ರಶ್ನೆ: ಪೋಷಕತ್ವ ಯೋಜನೆಯಡಿ (ದತ್ತು ಅಲ್ಲ, ಫಾಸ್ಟರ್ ಕೇರ್) ಬಾಲಮಂದಿರದಿಂದ ಬಂದ 15 ವರ್ಷದ ಹುಡುಗಿ ಒಂದೂವರೆ ವರ್ಷದಿಂದ ನಮ್ಮ ಜೊತೆ ಇದ್ದಾಳೆ. ಹೆತ್ತ ತಾಯಿ ಇದ್ದಾರೆ, ಆಗಾಗ ಫೋನ್ ಮಾಡುತ್ತಾರೆ. ಕಳೆದ ಭಾನುವಾರ ಮೂವರೂ ಕೂತು ಒಂದು ಇಂಗ್ಲಿಷ್ ಸಿನಿಮಾ ನೋಡಿದೆವು. ಅದರಲ್ಲೂ ಇಂಥದ್ದೇ ಹುಡುಗಿ. ಬಟ್ಟೆಯನ್ನೆಲ್ಲ ಕವರಿಗೆ ತುಂಬಿ ಅವಳನ್ನು ಮನೆಯಿಂದ ಮನೆಗೆ ಕಳಿಸುತ್ತಲೇ ಇರುತ್ತಾರೆ. ನಮ್ಮ ಹುಡುಗಿ ಅರ್ಧಕ್ಕೇ ಎದ್ದು ಹೋದಳು. ಈಗ ಅವಳ ಮಂಚದ ಕೆಳಗೆ ಬಟ್ಟೆ ತುಂಬಿದ ಬ್ಯಾಗ್ ಇದೆ. "ಸುಮ್ನೆ ಬಿಡು, ಮರೀತಾಳೆ" ಅನ್ನುತ್ತಾರೆ ನಮ್ಮ ಯಜಮಾನರು. ನಾನು ತಪ್ಪು ಮಾಡಿದೆನಾ?
– ಓದುಗರು, ರಾಜಾಜಿನಗರ

ಉತ್ತರ: ಆ ಸಿನಿಮಾವನ್ನು ಮೊದಲು ನೀವೊಬ್ಬರೇ ನೋಡಿ, ಆಮೇಲೆ ಅವಳನ್ನು ಕೇಳಿ ಹಾಕಿದ್ದರೆ ಚೆನ್ನಾಗಿತ್ತು. ಆದರೆ ಆ ಭಯ ಅವಳಲ್ಲಿ ಮೊದಲೇ ಇತ್ತು. ನಿಮ್ಮನ್ನು ನೀವು ಜಾಸ್ತಿ ದೂಷಿಸಿಕೊಳ್ಳಬೇಡಿ.

ಆ ಬ್ಯಾಗನ್ನು ಮಾತ್ರ ಬಿಚ್ಚಬೇಡಿ. ಅಮ್ಮನ ಮನೆಯಿಂದ ಬಾಲಮಂದಿರಕ್ಕೆ, ಅಲ್ಲಿಂದ ನಿಮ್ಮಲ್ಲಿಗೆ. ಪ್ರತಿ ಸಲವೂ ದೊಡ್ಡವರು ತೀರ್ಮಾನ ಮಾಡಿದರು, ಇವಳು ಹೊರಟಳು. ಈ ಸಲ ತಾನೇ ತಯಾರಾಗಿರೋಣ ಅಂತ ಕಟ್ಟಿಟ್ಟುಕೊಂಡಿದ್ದಾಳೆ, ಅಲ್ವಾ?

ನಿಮ್ಮ ಯಜಮಾನರ ಮಾತನ್ನು ನಾನು ಒಪ್ಪಲಾರೆ. ಇಂಥದ್ದನ್ನು ಮಕ್ಕಳು ಮರೆಯುವುದಿಲ್ಲ. ಮಾತಾಡಿ. ಆದರೆ "ನಿನ್ನನ್ನ ಎಲ್ಲಿಗೂ ಕಳಿಸಲ್ಲ" ಅಂತ ಭಾಷೆ ಕೊಡಬೇಡಿ. ಆ ತೀರ್ಮಾನ ಮಕ್ಕಳ ಕಲ್ಯಾಣ ಸಮಿತಿಯದ್ದು, ಅದು ಅವಳಿಗೂ ಗೊತ್ತಿರುತ್ತದೆ. "ನೀನು ಇಲ್ಲೇ ಇರಬೇಕು ಅಂತ ನಮಗಾಸೆ. ಸಮಿತಿಯವರ ಮುಂದೆಯೂ ಇದನ್ನೇ ಹೇಳ್ತೀವಿ. ನಿನ್ನ ಮನಸ್ಸಲ್ಲಿ ಇರೋದನ್ನ ನೀನೂ ಹೇಳು" ಅನ್ನಿ. ಸಮಿತಿಯ ಆದೇಶ ಯಾವತ್ತಿನವರೆಗೆ ಇದೆ ಅಂತ ಕಾಗದವನ್ನೇ ತೋರಿಸಿ. ಪೋಷಕತ್ವ 18ಕ್ಕೆ ಮುಗಿಯುತ್ತದೆ. ಅದಾದ ಮೇಲೂ ನಿಮ್ಮಲ್ಲೇ ಇದ್ದು ಕಾಲೇಜಿಗೆ ಹೋಗಲಿ ಅನ್ನುವ ಮನಸ್ಸು ನಿಮಗಿದ್ದರೆ ಈಗಲೇ ಹೇಳಿ. ಆ ವಯಸ್ಸನ್ನು ನೆನೆದು ಈ ಮಕ್ಕಳು ರಾತ್ರಿಯೆಲ್ಲ ಎದ್ದಿರುತ್ತಾರೆ.

ದತ್ತು ತೆಗೆದುಕೊಳ್ಳುವ ಯೋಚನೆಯೂ ನಿಮಗೆ ಬಂದಿರಬಹುದು. ಪೋಷಕತ್ವದ ಬಗ್ಗೆ ಕೇಂದ್ರ ಸರ್ಕಾರ ತಂದ 2024ರ ಮಾದರಿ ಮಾರ್ಗಸೂಚಿಯ ಪ್ರಕಾರ ಎರಡು ವರ್ಷ ಪೋಷಿಸಿದವರು ದತ್ತು ಕೇಳಬಹುದು, ಮೊದಲು ಐದು ವರ್ಷ ಕಾಯಬೇಕಿತ್ತು. ಆದರೆ ಮಗುವನ್ನು ದತ್ತು ಕೊಡಬಹುದು ಅಂತ ಕಾನೂನಿನ ಪ್ರಕಾರ ಘೋಷಣೆಯಾಗಿರಬೇಕು. ಇವಳಿಗೆ ತಾಯಿ ಇದ್ದಾರೆ. ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ವಿಚಾರಿಸುವವರೆಗೆ ಅವಳ ಮುಂದೆ ಆ ಮಾತು ಬೇಡ. ತಾಯಿಯ ಫೋನ್ ಬಂದ ದಿನ ಅವಳು ಮಂಕಾದರೆ ನೊಂದುಕೊಳ್ಳಬೇಡಿ. ನಿಮ್ಮನ್ನು ಹಚ್ಚಿಕೊಳ್ಳುವುದಕ್ಕೆ ಅವಳು ಅಮ್ಮನನ್ನು ಬಿಡಬೇಕಾಗಿಲ್ಲ.

ಊಟ, ನಿದ್ದೆ ಕೆಟ್ಟಿದ್ದರೆ ತಡ ಮಾಡಬೇಡಿ. ನಿಮ್ಹಾನ್ಸ್ ನಮ್ಮೂರಲ್ಲೇ ಇದೆ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೂ ಫೋನ್ ಮಾಡಬಹುದು.

ಮನೆಯ ಕೀ ಅವಳ ಹತ್ತಿರ ಇದೆಯಾ? ನೀವು ಬರೆದಿಲ್ಲ. ಇಲ್ಲದಿದ್ದರೆ ಇವತ್ತೇ ಒಂದು ಡೂಪ್ಲಿಕೇಟ್ ಮಾಡಿಸಿ ಕೊಡಿ.